ರಕ್ಕಸ-ತಂಗಡಗಿಯ ಯುದ್ಧ ಮತ್ತು ಮನುಷ್ಯನ ಮನಸ್ಸು: ಒಂದು ವಿವೇಚನೆ

1. ಪೀಠಿಕೆ

ಕೃಷ್ಣಾನದಿಯ ಉತ್ತರ ದಂಡೆಯ ಮೇಲೆ, ಮುದ್ದೇಬಿಹಾಳ ತಾಲೂಕಿನಲ್ಲಿ, ರಕ್ಕಸಗಿ ಮತ್ತು ತಂಗಡಗಿ ಎಂಬ ಎರಡು ಗ್ರಾಮಗಳಿವೆ. ಶರಣೆ ನೀಲಾಂಬಿಕೆಯ ಐಕ್ಯಸ್ಥಳವೆಂದು ತಂಗಡಗಿಗೆ ಬರುವ ಭಕ್ತರು ಬಹಳ. ಕರ್ನಾಟಕದ ಇತಿಹಾಸದ ದಿಕ್ಕನ್ನೇ ಬದಲಿಸಿದ ಒಂದು ಯುದ್ಧಕ್ಕೆ ಈ ಊರಿನ ಹೆಸರು ಅಂಟಿಕೊಂಡಿದೆಯೆಂಬುದನ್ನು ನೆನೆಯುವವರು ವಿರಳ. ಕ್ರಿ.ಶ. 1565ರ ಜನವರಿ 23ರಂದು ನಡೆದ ಈ ಕಾಳಗವನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ತಾಳಿಕೋಟೆಯ ಯುದ್ಧವೆಂದು ಕರೆಯುತ್ತವೆ. ಆದರೆ ಡೋಣಿ ನದಿಯ ದಂಡೆಯ ತಾಳಿಕೋಟೆಯು ಸುಲ್ತಾನರ ಸೈನ್ಯಗಳು ಒಂದುಗೂಡಿ ಬೀಡುಬಿಟ್ಟ ಸ್ಥಳವೇ ಹೊರತು ಕಾಳಗ ನಡೆದ ಸ್ಥಳವಲ್ಲ. ಕಾಳಗವು ಕೃಷ್ಣೆಯ ದಕ್ಷಿಣಕ್ಕೆ ನಡೆದಿರಬೇಕೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಬನ್ನಿಹಟ್ಟಿಯ ಯುದ್ಧವೆಂಬ ಮೂರನೆಯ ಹೆಸರೂ ಇದಕ್ಕುಂಟು. ಸ್ಥಳನಿರ್ದೇಶದ ಚರ್ಚೆ ಪ್ರಕೃತ ಲೇಖನದ ವಿಷಯವಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇವೆ.

ಸಿಂದಗಿ, ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಈ ಭಾಗಗಳಿಂದ, ಕನ್ನೊಳ್ಳಿಯಂಥ ಗ್ರಾಮಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳಿಗೆ ಈ ಯುದ್ಧವು ದೂರದ ಸಂಗತಿಯಲ್ಲ. ಅವರ ನೆಲದ ಮೇಲೆಯೇ ನಡೆದದ್ದು. ಆದರೂ ಅವರನ್ನು ಪ್ರಶ್ನಿಸಿದರೆ ದೊರೆಯುವ ಉತ್ತರಗಳು ಎರಡೇ. ಮೊದಲನೆಯದು, ಇದು ಎರಡು ಧರ್ಮಗಳ ನಡುವಣ ಯುದ್ಧವೆಂಬುದು. ಎರಡನೆಯದು, ರಾಮರಾಯನ ಅಹಂಕಾರವೇ ಎಲ್ಲ ಅನರ್ಥಕ್ಕೆ ಕಾರಣವೆಂಬುದು. ಮೊದಲ ಉತ್ತರವು ಮನುಷ್ಯರನ್ನು ಮರೆತು ಸಮುದಾಯಗಳನ್ನು ಮಾತ್ರ ಕಾಣುತ್ತದೆ. ಎರಡನೆಯದು ಒಬ್ಬನ ಸ್ವಭಾವಕ್ಕೆ ಒಂದು ಚೀಟಿ ಅಂಟಿಸಿ ಸುಮ್ಮನಾಗುತ್ತದೆ. ಈ ಎರಡರಿಂದಲೂ, ಅಂದು ನಿರ್ಣಯ ಕೈಕೊಂಡವರು ಏಕೆ ಹಾಗೆ ನಿರ್ಣಯಿಸಿದರೆಂಬುದು ತಿಳಿಯುವುದಿಲ್ಲ.

ಮನುಷ್ಯನು ನಿರ್ಣಯ ಕೈಕೊಳ್ಳುವ ಬಗೆ, ಒಬ್ಬನು ಇತರರ ಮೇಲೆ ಪ್ರಭಾವ ಬೀರುವ ಬಗೆ, ಯಶಸ್ಸು ಮನಸ್ಸನ್ನು ಮಾರ್ಪಡಿಸುವ ಬಗೆ ಇವುಗಳನ್ನು ಕುರಿತು ಮನಶ್ಶಾಸ್ತ್ರವು ಕಳೆದ ಅರ್ಧ ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ಸಾಕಷ್ಟು ಕೆಲಸ ಮಾಡಿದೆ. ಆ ಬೆಳಕಿನಲ್ಲಿ ಈ ಯುದ್ಧದ ನಾಲ್ಕಾರು ನಿರ್ಣಯಗಳನ್ನು ಪರಿಶೀಲಿಸುವುದು ನಮ್ಮ ಉದ್ದೇಶ. ಮನಸ್ಸೇ ಎಲ್ಲಕ್ಕೂ ಕಾರಣವೆಂದು ನಾವು ವಾದಿಸುವುದಿಲ್ಲ. ತೋಪು, ಕುದುರೆ, ಕೋಟೆ, ಕಂದಾಯ ಇವು ಸಾಧ್ಯತೆಗಳ ಎಲ್ಲೆಯನ್ನು ಗೊತ್ತುಮಾಡುತ್ತವೆ. ಆ ಎಲ್ಲೆಯೊಳಗೆ ಆಯ್ಕೆ ಮಾಡುವುದು ಮನಸ್ಸು. ಇಷ್ಟೇ ನಮ್ಮ ಪ್ರತಿಜ್ಞೆ.

2. ಆಕರಗಳ ಸ್ವರೂಪ

ಸತ್ತವರ ಮನಸ್ಸನ್ನು ನಾವು ನೇರವಾಗಿ ಕಾಣಲಾರೆವು. ಅವರ ಕೃತ್ಯಗಳನ್ನೂ, ಇತರರು ಅವರ ಬಗ್ಗೆ ಬರೆದುದನ್ನೂ ಮಾತ್ರ ಕಾಣಬಲ್ಲೆವು. ಆದ್ದರಿಂದ ಮೊದಲು ಬರೆದವರು ಯಾರೆಂಬುದನ್ನು ನೋಡಬೇಕು.

ಈ ಯುದ್ಧದ ವಿವರಗಳಿಗೆ ಎಲ್ಲರೂ ಅವಲಂಬಿಸುವ ಫೆರಿಸ್ತಾ ಎಂಬ ಇತಿಹಾಸಕಾರನು ಎರಡನೆಯ ಇಬ್ರಾಹೀಮ ಆದಿಲಶಹನ ಆಶ್ರಯದಲ್ಲಿದ್ದವನು. ಅವನು ವಿಜಾಪುರಕ್ಕೆ ಬಂದುದು 1589ರ ಸುಮಾರಿಗೆ. ಎಂದರೆ ಯುದ್ಧ ಮುಗಿದು ಇಪ್ಪತ್ತನಾಲ್ಕು ವರ್ಷಗಳ ಮೇಲೆ. ಅವನು ಪ್ರತ್ಯಕ್ಷದರ್ಶಿಯಲ್ಲ, ಗೆದ್ದ ಪಕ್ಷದ ಆಸ್ಥಾನದಲ್ಲಿ ಕುಳಿತು ಬರೆದವನು. ಎರಡನೆಯವನು ಸೀಸರ್ ಫ್ರೆಡರಿಕ್ ಎಂದು ಪ್ರಸಿದ್ಧನಾದ ವೆನಿಸ್ಸಿನ ವರ್ತಕ. ಇವನು 1567ರಲ್ಲಿ, ಯುದ್ಧವಾಗಿ ಎರಡು ವರ್ಷ ಕಳೆದ ಮೇಲೆ, ವಿಜಯನಗರಕ್ಕೆ ಬಂದು ಏಳು ತಿಂಗಳು ಅಲ್ಲಿ ತಂಗಿದ್ದನು. ಇವನು ಕೇಳಿದ್ದು ಸೋತವರ ಮಾತು. ಫೆರಿಸ್ತಾನ ಪ್ರಕಾರ ಸೋಲಿಗೆ ಕಾರಣ ರಾಮರಾಯನ ಗರ್ವ. ಫ್ರೆಡರಿಕನ ಪ್ರಕಾರ ಸೋಲಿಗೆ ಕಾರಣ ವಿಜಯನಗರದ ಸೇನೆಯಲ್ಲಿದ್ದ ಇಬ್ಬರು ಮುಸಲ್ಮಾನ ಸರದಾರರ ದ್ರೋಹ.

ಈ ಎರಡು ವಿವರಣೆಗಳ ಭೇದವು ಸ್ವತಃ ಒಂದು ಮನಶ್ಶಾಸ್ತ್ರೀಯ ಸಾಕ್ಷ್ಯವೆಂದು ನಮಗೆ ತೋರುತ್ತದೆ. ಗೆದ್ದವನು ತನ್ನ ಜಯಕ್ಕೆ ಎದುರಾಳಿಯ ಪಾಪವನ್ನು ಕಾರಣವಾಗಿ ಕೊಡುತ್ತಾನೆ. ಆಗ ಜಯವು ನ್ಯಾಯವೂ ಆಗುತ್ತದೆ. ಸೋತವನು ತನ್ನ ಸೋಲಿಗೆ ದ್ರೋಹವನ್ನು ಕಾರಣವಾಗಿ ಕೊಡುತ್ತಾನೆ. ಆಗ ಸೋಲು ತನ್ನ ತಪ್ಪಲ್ಲದಂತಾಗುತ್ತದೆ. ದ್ರೋಹವೇ ನಡೆಯಲಿಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ, ಗರ್ವವಿರಲಿಲ್ಲವೆಂದೂ ಸಿದ್ಧವಾಗುವುದಿಲ್ಲ. ಆದರೆ ಎರಡೂ ಘಟನೆಯ ಅನಂತರ ಹುಟ್ಟಿದ ಸಮಾಧಾನಗಳೆಂಬ ಎಚ್ಚರ ನಮಗಿರಬೇಕು. ಫಲಿತಾಂಶ ತಿಳಿದ ಮೇಲೆ ಅದು ಮೊದಲೇ ಗೊತ್ತಿದ್ದಂತೆ ಮನುಷ್ಯನಿಗೆ ಭಾಸವಾಗುತ್ತದೆಂಬುದನ್ನು ಬರೂಕ್ ಫಿಶ್‌ಹಾಫ್ ಎಂಬ ಮನಶ್ಶಾಸ್ತ್ರಜ್ಞನು 1975ರಲ್ಲಿ ಪ್ರಯೋಗಗಳಿಂದ ತೋರಿಸಿದನು. ಇತಿಹಾಸದ ಅಧ್ಯಾಪಕರಾದ ನಾವು ಈ ದೋಷಕ್ಕೆ ಎಲ್ಲರಿಗಿಂತ ಹೆಚ್ಚು ಈಡಾಗುವವರು; ಏಕೆಂದರೆ ಪ್ರತಿಯೊಂದು ಕಥೆಯ ಕೊನೆಯೂ ನಮಗೆ ಮೊದಲೇ ತಿಳಿದಿರುತ್ತದೆ.

3. ಯಶಸ್ಸು ಕಲಿಸಿದ ಪಾಠ

ಕೃಷ್ಣದೇವರಾಯನ ಅಳಿಯನಾದ ಕಾರಣ ಅಳಿಯ ರಾಮರಾಯನೆಂದು ಪ್ರಸಿದ್ಧನಾದ ಈ ಪುರುಷನು ಸಿಂಹಾಸನಸ್ಥನಾದ ಅರಸನಲ್ಲ. ತುಳುವ ವಂಶದ ಸದಾಶಿವರಾಯನು ನಾಮಮಾತ್ರದ ಅರಸ. 1543ರ ಸುಮಾರಿನಿಂದ ರಾಜ್ಯಸೂತ್ರವು ರಾಮರಾಯನ ಕೈಯಲ್ಲಿತ್ತು. ಆ ಇಪ್ಪತ್ತೆರಡು ವರ್ಷಗಳಲ್ಲಿ ಅವನು ಅನುಸರಿಸಿದ ನೀತಿ ಎಲ್ಲರಿಗೂ ತಿಳಿದದ್ದೇ: ಉತ್ತರದ ಸುಲ್ತಾನರಲ್ಲಿ ಒಬ್ಬನ ವಿರುದ್ಧ ಇನ್ನೊಬ್ಬನಿಗೆ ನೆರವಾಗುವುದು, ಯಾರೂ ಮಿತಿಮೀರಿ ಬೆಳೆಯದಂತೆ ನೋಡಿಕೊಳ್ಳುವುದು, ಪ್ರತಿ ಸಲವೂ ತನಗೆ ಒಂದು ಕೋಟೆಯನ್ನೋ ಒಂದು ಸೀಮೆಯನ್ನೋ ಗಿಟ್ಟಿಸಿಕೊಳ್ಳುವುದು. 1543ರಲ್ಲಿ ಅಹಮದನಗರ ಮತ್ತು ಗೋಲ್ಕೊಂಡೆಗಳ ಜೊತೆ ಸೇರಿ ವಿಜಾಪುರದ ಮೇಲೆ; 1558ರ ತರುವಾಯ ವಿಜಾಪುರದ ಜೊತೆ ಸೇರಿ ಅಹಮದನಗರದ ಮೇಲೆ. ರಾಯಚೂರು, ಮುದುಗಲ್ಲುಗಳ ದೋಆಬು ವಿಜಯನಗರಕ್ಕೆ ಸೇರಿತು.

ಈ ನೀತಿಯನ್ನು ಕೇವಲ ಕುಟಿಲತೆಯೆಂದು ತಳ್ಳಿಹಾಕುವಂತಿಲ್ಲ. ಅದು ಎರಡು ದಶಕಗಳ ಕಾಲ ಫಲಕೊಟ್ಟ ನೀತಿ. ರಾಮರಾಯನು ಸುಲ್ತಾನರ ಆಸ್ಥಾನಗಳ ರೀತಿನೀತಿಗಳನ್ನು ಬಲ್ಲವನೂ ಆಗಿದ್ದನು. ಯೌವನದಲ್ಲಿ ಗೋಲ್ಕೊಂಡೆಯ ಸುಲ್ತಾನನ ಸೇವೆಯಲ್ಲಿದ್ದನೆಂದು ಗೋಲ್ಕೊಂಡೆಯ ಒಂದು ಬಖರು ಹೇಳುತ್ತದೆ. ರಿಚರ್ಡ್ ಈಟನ್ ಅವರು 2005ರಲ್ಲಿ ಪ್ರಕಟಿಸಿದ ದಕ್ಷಿಣಾಪಥದ ಸಾಮಾಜಿಕ ಇತಿಹಾಸದಲ್ಲಿ ಈ ಅಂಶವನ್ನು ಒತ್ತಿ ಹೇಳಿದ್ದಾರೆ. ಮುಂದೆ ಗೋಲ್ಕೊಂಡೆಯ ಅರಸನಾದ ಇಬ್ರಾಹೀಮ ಕುತುಬಶಹನು ತನ್ನ ಅಣ್ಣನಿಗೆ ಹೆದರಿ ಓಡಿಬಂದು, 1543ರಿಂದ 1550ರವರೆಗೆ ಏಳು ವರ್ಷ ವಿಜಯನಗರದಲ್ಲಿ ಆಶ್ರಯ ಪಡೆದಿದ್ದನು. ವಿಜಾಪುರದ ಅಲಿ ಆದಿಲಶಹನು, ರಾಮರಾಯನ ಮಗನೊಬ್ಬನು ತೀರಿಕೊಂಡಾಗ, ಅಲ್ಪ ಪರಿವಾರದೊಡನೆ ದುಃಖ ವಿಚಾರಿಸಲು ವಿಜಯನಗರಕ್ಕೆ ಹೋದನು. ರಾಮರಾಯನ ಪತ್ನಿಯು ಅವನನ್ನು ಮಗನೆಂದು ಭಾವಿಸಿ ಸತ್ಕರಿಸಿದಳೆಂದು ಫೆರಿಸ್ತಾನೇ ಬರೆಯುತ್ತಾನೆ. ಇವೆಲ್ಲ ಧರ್ಮಯುದ್ಧದ ಪೂರ್ವಪೀಠಿಕೆಯಂತೆ ಕಾಣುತ್ತವೆಯೆ? ಅನ್ನ ಉಂಡವರು, ಆಶ್ರಯ ಪಡೆದವರು, ಮಗನೆನಿಸಿಕೊಂಡವರು ಎದುರು ನಿಂತ ಯುದ್ಧವಿದು.

ಇಪ್ಪತ್ತು ವರ್ಷಗಳ ಈ ಅನುಭವವು ರಾಮರಾಯನಿಗೆ ಕಲಿಸಿದ ಪಾಠವೇನು? ಸುಲ್ತಾನರು ಎಂದಿಗೂ ಒಂದಾಗಲಾರರು. ಪ್ರತಿಯೊಬ್ಬನಿಗೂ ಒಂದು ಬೆಲೆಯುಂಟು. ಇಂದಿನ ಶತ್ರುವನ್ನು ನಾಳೆ ಕೊಳ್ಳಬಹುದು. ಪ್ರತಿಯೊಂದು ಜಯವೂ ಈ ನಂಬಿಕೆಯನ್ನು ಗಟ್ಟಿಗೊಳಿಸಿತು. ಅಪಯಶಸ್ಸು ಮನುಷ್ಯನನ್ನು ಕಾರಣ ಹುಡುಕಲು ಹಚ್ಚುತ್ತದೆ; ಯಶಸ್ಸು ಹಾಗೆ ಹಚ್ಚುವುದಿಲ್ಲ. ತನ್ನ ನೀತಿಯು ಏಕೆ ಫಲಕೊಡುತ್ತಿದೆ, ಯಾವ ಪರಿಸ್ಥಿತಿಯಲ್ಲಿ ಅದು ಫಲಕೊಡಲಾರದು ಎಂಬ ಪ್ರಶ್ನೆ ಗೆಲ್ಲುತ್ತಿರುವವನಿಗೆ ಹೊಳೆಯುವುದು ಕಷ್ಟ. ಇದಕ್ಕೆ ಅಹಂಕಾರವೆಂಬ ಹೆಸರು ಸಾಲದು. ವಿನಯಶೀಲನಾದ ಮನುಷ್ಯನೂ ತನ್ನ ಅನುಭವವನ್ನು ನಂಬಿ ಇದೇ ತಪ್ಪನ್ನು ಮಾಡಬಲ್ಲನು.

4. ಅವಮಾನದ ಲೆಕ್ಕ

ರಾಮರಾಯನ ಲೆಕ್ಕದಲ್ಲಿ ಬಿಟ್ಟುಹೋದ ಅಂಶವೊಂದಿತ್ತು. ಅದು ಅವಮಾನ.

ಅಹಮದನಗರದ ಮೇಲಿನ ದಂಡಯಾತ್ರೆಯಲ್ಲಿ ಸೋತ ಹುಸೇನ ನಿಜಾಮಶಹನು ಸಂಧಿಗಾಗಿ ರಾಮರಾಯನ ಬಿಡಾರಕ್ಕೆ ತಾನೇ ಬಂದು, ಅವನ ಕೈಯಿಂದ ವೀಳ್ಯ ಸ್ವೀಕರಿಸಬೇಕಾಯಿತು. ಕಲ್ಯಾಣದ ಕೋಟೆಯ ಬೀಗದ ಕೈಗಳನ್ನು ಒಪ್ಪಿಸಬೇಕಾಯಿತು. ಆ ಭೇಟಿಯಲ್ಲಿ ನಿಜಾಮಶಹನು ರಾಮರಾಯನ ಕೈ ಮುಟ್ಟಿದ ಮೇಲೆ ನೀರು ತರಿಸಿ ತನ್ನ ಕೈ ತೊಳೆದುಕೊಂಡನೆಂದೂ, ಇದನ್ನು ಕಂಡು ಕೆರಳಿದ ರಾಮರಾಯನು ತಾನೂ ಕೈ ತೊಳೆದುಕೊಂಡನೆಂದೂ ಪಾರಸಿ ಬಖರುಗಳಲ್ಲಿ ಒಂದು ಕಥೆಯಿದೆ. ಈ ಕಥೆಯನ್ನು ರಾಮರಾಯನ ಗರ್ವಕ್ಕೆ ಉದಾಹರಣೆಯಾಗಿ ಕೊಡುವುದು ವಾಡಿಕೆ. ಆದರೆ ಸಾವಧಾನವಾಗಿ ಓದಿದರೆ ಮೊದಲು ಕೈ ತೊಳೆದವನು ಸೋತವನು! ಶಸ್ತ್ರದಿಂದ ಉಳಿಸಿಕೊಳ್ಳಲಾಗದ ಮಾನವನ್ನು ಆ ಒಂದು ಚೆಂಬು ನೀರಿನಿಂದ ಉಳಿಸಿಕೊಳ್ಳಲು ಅವನು ಯತ್ನಿಸಿದನು. ಕಥೆಯ ಪ್ರತಿಯೊಂದು ವಿವರವೂ ನಿಜವೋ ಅಲ್ಲವೋ, ಸೋತವನ ಮನಸ್ಸಿನಲ್ಲಿ ಏನು ಉರಿಯುತ್ತಿತ್ತೆಂಬುದನ್ನು ಅದು ಚೆನ್ನಾಗಿ ಹೇಳುತ್ತದೆ.

ಅಲಿ ಆದಿಲಶಹನ ಮನಸ್ಸೂ ಹಾಗೆಯೇ ಕಹಿಯಾಗಿತ್ತು. ವಿಜಯನಗರದಿಂದ ಅವನು ಹಿಂದಿರುಗುವಾಗ ರಾಮರಾಯನು ಬೀಳ್ಕೊಡಲು ಬರಲಿಲ್ಲವೆಂಬುದು ಅವನ ಮನಸ್ಸಿನಲ್ಲಿ ನಾಟಿತೆಂದು ಫೆರಿಸ್ತಾ ಹೇಳುತ್ತಾನೆ. ಕೋಟೆ ಕಳೆದುಕೊಂಡದ್ದಕ್ಕಿಂತ ಬೀಳ್ಕೊಡದೆ ಹೋದದ್ದು ದೊಡ್ಡ ಸಂಗತಿಯೆ ಎಂದು ಇಂದಿನ ಓದುಗನು ಕೇಳಬಹುದು. ನಮ್ಮ ಹಳ್ಳಿಗಳಲ್ಲಿ ಮದುವೆ ಮುಂಜಿಗಳ ಸಂದರ್ಭದಲ್ಲಿ ಕರೆಯುವ ಕಳುಹುವ ಉಪಚಾರದಲ್ಲಿ ಲೋಪವಾಗಿ ಎರಡು ತಲೆಮಾರು ಮಾತು ಬಿಟ್ಟ ಮನೆತನಗಳನ್ನು ಬಲ್ಲವರು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಸಿದ್ಧಾಂತವೊಂದು ಇಲ್ಲಿ ಉಪಯುಕ್ತವಾದುದು. ಮನುಷ್ಯನು ಸಮಪ್ರಮಾಣದ ಲಾಭಕ್ಕಿಂತ ನಷ್ಟವನ್ನು ಹೆಚ್ಚು ತೀವ್ರವಾಗಿ ಅನುಭವಿಸುತ್ತಾನೆ. ನಷ್ಟವನ್ನು ತುಂಬಿಕೊಳ್ಳುವ ಆಸೆಯಿಂದ, ಲಾಭಕ್ಕಾಗಿ ಎಂದೂ ಎತ್ತಿಕೊಳ್ಳದ ಅಪಾಯವನ್ನು ಎತ್ತಿಕೊಳ್ಳುತ್ತಾನೆ. ಈ ಸಂಶೋಧನೆಗಾಗಿ ಕಾನಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಸುಲ್ತಾನರು ತಮ್ಮತಮ್ಮ ಲಾಭವನ್ನು ಮಾತ್ರ ಎಣಿಸುತ್ತಿದ್ದಷ್ಟು ಕಾಲ ರಾಮರಾಯನು ಅವರನ್ನು ಬೇರೆಬೇರೆಯಾಗಿ ಕೊಳ್ಳಬಲ್ಲವನಾಗಿದ್ದನು. ಕಳೆದುಕೊಂಡ ಮಾನವನ್ನು ಮರಳಿ ಪಡೆಯುವ ಲೆಕ್ಕ ಆರಂಭವಾದೊಡನೆ ಅವನ ಬಳಿ ಕೊಡಲು ಬೆಲೆಯೇ ಉಳಿಯಲಿಲ್ಲ. ಎಲ್ಲ ಸಂಬಂಧಗಳನ್ನೂ ವ್ಯಾಪಾರವೆಂದು ಎಣಿಸಿದ್ದು, ಕೊಳ್ಳಲಾಗದ ವಸ್ತುವೊಂದನ್ನು ಎದುರಾಳಿಯ ಮನಸ್ಸಿನಲ್ಲಿ ತಾನೇ ಬೆಳೆಸಿದ್ದನ್ನು ಕಾಣದೆ ಹೋದದ್ದು, ಇದೇ ಅವನ ನಿಜವಾದ ತಪ್ಪೆಂದು ನಮ್ಮ ಅಭಿಪ್ರಾಯ.

ಕುತುಬಶಹನ ಮಧ್ಯಸ್ಥಿಕೆಯಿಂದ ಒಕ್ಕೂಟ ಸಿದ್ಧವಾಯಿತು. ನಿಜಾಮಶಹನ ಮಗಳು ಚಾಂದಬೀಬಿಯನ್ನು ಅಲಿ ಆದಿಲಶಹನಿಗೆ ಕೊಟ್ಟು, ಬಹುಕಾಲದ ಜಗಳದ ವಸ್ತುವಾಗಿದ್ದ ಸೋಲಾಪುರದ ಕೋಟೆಯನ್ನು ಬಳುವಳಿಯಾಗಿ ಇತ್ತರು. ಆದಿಲಶಹನ ಸೋದರಿಯನ್ನು ನಿಜಾಮಶಹನ ಮಗ ಮುರ್ತಜಾನಿಗೆ ಕೊಟ್ಟರು. ಬೀದರಿನ ಅಲಿ ಬರೀದಶಹನೂ ಸೇರಿದನು. ಆಮೇಲೆ ಅಲಿ ಆದಿಲಶಹನು ರಾಯಚೂರು, ಮುದುಗಲ್ಲು ಮೊದಲಾದ ಕೋಟೆಗಳನ್ನು ಹಿಂದಿರುಗಿಸಬೇಕೆಂದು ವಿಜಯನಗರಕ್ಕೆ ದೂತನನ್ನು ಕಳುಹಿದನು. ನಿರೀಕ್ಷಿಸಿದಂತೆ ದೂತನು ತಿರಸ್ಕೃತನಾಗಿ ಮರಳಿದನು. ಈ ಬೇಡಿಕೆಯು ಕೋಟೆಗಾಗಿ ಇಟ್ಟದ್ದಲ್ಲ, ನಿರಾಕರಣೆಗಾಗಿ ಇಟ್ಟದ್ದು. ಎದುರಾಳಿಯ ಸ್ವಭಾವವನ್ನು ಈ ಸಲ ಸುಲ್ತಾನರು ಅವನಿಗಿಂತ ಚೆನ್ನಾಗಿ ಓದಿದ್ದರು.

5. ಕೃಷ್ಣೆಯ ಕಡವು

1564ರ ಡಿಸೆಂಬರ ಕೊನೆಯ ಹೊತ್ತಿಗೆ ಸೈನ್ಯಗಳು ತಾಳಿಕೋಟೆಯ ಬಯಲಿನಲ್ಲಿ ನೆರೆದವು. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬ ಗಾದೆಯನ್ನು ಹುಟ್ಟಿಸಿದ ಎರೆಭೂಮಿ ಇದು. ಹಿಂಗಾರಿಯ ಜೋಳ ಹೊಲದಲ್ಲಿ ನಿಂತಿರುವ ಆ ಕಾಲದಲ್ಲಿ ಸಾವಿರಾರು ಕುದುರೆ ಆನೆಗಳಿಗೆ ಮೇವು ಒದಗುವ ಸ್ಥಳ ಇದಕ್ಕಿಂತ ಉತ್ತಮವಾದುದು ಸಿಕ್ಕುವಂತಿರಲಿಲ್ಲ. ಬಖರುಗಾರರು ಎರಡೂ ಪಕ್ಷಗಳ ಸೈನ್ಯಗಳನ್ನು ಲಕ್ಷಗಟ್ಟಲೆ ಎಣಿಸುತ್ತಾರೆ; ಆ ಸಂಖ್ಯೆಗಳನ್ನು ಹಾಗೆಯೇ ಸ್ವೀಕರಿಸುವಂತಿಲ್ಲ.

ರಾಮರಾಯನು ಆಲಸ್ಯದಿಂದ ಕುಳಿತಿದ್ದನೆಂಬ ಕಲ್ಪನೆ ಇಲ್ಲಿ ಬಿದ್ದುಹೋಗುತ್ತದೆ. ಅವನು ತಮ್ಮಂದಿರಾದ ತಿರುಮಲ ಮತ್ತು ವೆಂಕಟಾದ್ರಿಯರನ್ನು ಮುಂದಾಗಿ ಕಳುಹಿ, ಕೃಷ್ಣೆಯನ್ನು ದಾಟುವ ಕಡವುಗಳನ್ನು ಕಾಯಿಸಿ, ಹಿಂದಿನಿಂದ ತಾನೂ ಬಂದನು. ಗರ್ವದಿಂದ ಕುರುಡಾದವನು ಹೀಗೆ ವ್ಯವಸ್ಥೆ ಮಾಡುವುದಿಲ್ಲ. ಫೆರಿಸ್ತಾನು ರಾಮರಾಯನ ಬಾಯಲ್ಲಿಡುವ ತಿರಸ್ಕಾರದ ಮಾತುಗಳಿಗೂ ಅವನೇ ವರ್ಣಿಸುವ ಈ ಸಿದ್ಧತೆಗೂ ಹೊಂದಿಕೆಯಾಗದು. ಇಂಥಲ್ಲಿ ಮಾತಿಗಿಂತ ಕೃತ್ಯವನ್ನು ನಂಬುವುದು ಇತಿಹಾಸಕಾರನ ಕರ್ತವ್ಯ.

ಮುಖ್ಯ ಕಡವು ವಿಜಯನಗರದವರ ಭದ್ರ ಕಾವಲಿನಲ್ಲಿತ್ತು. ಬಲದಿಂದ ದಾಟುವುದು ಅಸಾಧ್ಯವೆಂದು ಕಂಡ ಸುಲ್ತಾನರು ಬೇರೆ ಕಡವನ್ನು ಹುಡುಕುವವರಂತೆ ನದಿಯ ದಂಡೆಗುಂಟ ಕೆಲವು ದಿನ ಸಾಗಿದರು. ಎದುರು ದಂಡೆಯ ಸೈನ್ಯವೂ ತನ್ನ ಸ್ಥಳ ಬಿಟ್ಟು ಅವರಿಗೆ ಸಮಾನವಾಗಿ ಸಾಗಿತು. ಒಂದು ರಾತ್ರಿ ಸುಲ್ತಾನರು ಥಟ್ಟನೆ ಹಿಂದಿರುಗಿ, ಕಾವಲಿಲ್ಲದೆ ಬಿದ್ದಿದ್ದ ಅದೇ ಮೊದಲಿನ ಕಡವಿನಲ್ಲಿ ನದಿಯನ್ನು ದಾಟಿಬಿಟ್ಟರು.

ಈ ತಂತ್ರದಲ್ಲಿ ತೋಪಿನ ಪಾತ್ರವಿಲ್ಲ, ಕುದುರೆಯ ಪಾತ್ರವಿಲ್ಲ. ಕಣ್ಣಿಗೆ ಕಾಣುವ ಚಲನೆಯನ್ನು ಹಿಂಬಾಲಿಸದಿರುವುದು ಕಾವಲುಗಾರನಿಗೆ ಬಹು ಕಷ್ಟ. ಶತ್ರು ಎದುರಿಗೆ ಸಾಗುತ್ತಿರುವಾಗ ಸುಮ್ಮನೆ ಒಂದೆಡೆ ನಿಂತಿರುವುದು ಕರ್ತವ್ಯಲೋಪದಂತೆ ಭಾಸವಾಗುತ್ತದೆ. ಅವನೊಡನೆ ಸಾಗುವುದು ಎಚ್ಚರಿಕೆಯಂತೆ ಕಾಣುತ್ತದೆ. ಇಂದು ಆಲಮಟ್ಟಿ, ನಾರಾಯಣಪುರಗಳ ಜಲಾಶಯಗಳಿಂದ ನದಿಯ ಪಾತ್ರದ ರೂಪವೇ ಬದಲಾಗಿದೆ. ಆ ಕಡವನ್ನು ಹುಡುಕಿ ವಿದ್ಯಾರ್ಥಿಗಳಿಗೆ ತೋರಿಸುವುದು ಸುಲಭವಲ್ಲ. ಆದರೆ ದಂಡೆಯ ಮೇಲೆ ನಿಂತು, ಆ ಕಾವಲುಗಾರರ ಸ್ಥಾನದಲ್ಲಿ ತಮ್ಮನ್ನು ಇರಿಸಿಕೊಂಡು ಯೋಚಿಸಲು ಅವರಿಗೆ ಹೇಳಬಹುದು.

6. ಒಬ್ಬನ ಮೇಲೆ ನಿಂತ ಧೈರ್ಯ

ಕಾಳಗದ ದಿನ ರಾಮರಾಯನಿಗೆ ಎಂಬತ್ತರ ಆಸುಪಾಸಿನ ವಯಸ್ಸು. ಅವನು ಪಾಲಕಿಯಲ್ಲಿ ಕುಳಿತು ಯುದ್ಧಭೂಮಿಗೆ ಬಂದನು. ಕುದುರೆಯೇರುವುದು ಕ್ಷೇಮವೆಂದು ಸರದಾರರು ಬಿನ್ನವಿಸಿದರೂ ಒಪ್ಪಲಿಲ್ಲ. ಆರಂಭದಲ್ಲಿ ವಿಜಯನಗರದ ಪಕ್ಷವು ಮೇಲುಗೈ ಸಾಧಿಸಿತ್ತು. ಸುಲ್ತಾನರ ಸೈನ್ಯದ ಎರಡು ಪಾರ್ಶ್ವಗಳೂ ಹಿಮ್ಮೆಟ್ಟುವಂತಾದವು. ನಡುವೆ ನಿಜಾಮಶಹನ ತೋಪುಗಳ ಸಾಲು ಮಾತ್ರ ಅಲುಗದೆ ನಿಂತಿತು. ಆಗ ರಾಮರಾಯನು ಪಾಲಕಿಯಿಂದಿಳಿದು, ಮೇಲ್ಕಟ್ಟಿನ ಕೆಳಗೆ ಸಿಂಹಾಸನವನ್ನು ಹಾಕಿಸಿ, ಹೊನ್ನು ರತ್ನಗಳ ರಾಶಿಗಳನ್ನು ಸುತ್ತ ಸುರಿಸಿಕೊಂಡು, ಪರಾಕ್ರಮ ತೋರಿದವರಿಗೆ ಅಲ್ಲಿಯೇ ಬಹುಮಾನ ಕೊಡಲು ಕುಳಿತನು.

ಈ ದೃಶ್ಯವನ್ನು ಅನೇಕರು ಮುದುಕನ ಹುಚ್ಚಾಟವೆಂದು ವರ್ಣಿಸಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಅವನು ಹುಟ್ಟಿನಿಂದ ಅರಸನಲ್ಲ. ಅವನ ಅಧಿಕಾರವು ವಂಶದಿಂದ ಬಂದುದಲ್ಲ, ಪ್ರಭಾವದಿಂದ ಬಂದದ್ದು. ನಾಯಕರು ಅವನನ್ನು ಅನುಸರಿಸುತ್ತಿದ್ದುದು ಅವನು ಗೆಲ್ಲುತ್ತಿದ್ದನೆಂಬ ಕಾರಣದಿಂದ. ಅಂಥವನು ರಣರಂಗದಲ್ಲಿ ಕಾಣಿಸಿಕೊಳ್ಳಲೇಬೇಕು, ಕೊಡುಗೈಯನ್ನು ತೋರಲೇಬೇಕು, ಹಿಂದಕ್ಕೆ ಸರಿಯಲಾರ. ವಂಶದ ಬಲದಿಂದ ಆಳುವವನು ಒಮ್ಮೆ ಸೋತು ಮನೆಗೆ ಮರಳಿದರೂ ಅರಸನೇ; ಯಶಸ್ಸಿನ ಬಲದಿಂದ ಆಳುವವನಿಗೆ ಆ ಅನುಕೂಲವಿಲ್ಲ. ಕುದುರೆಯೇರುವುದೆಂದರೆ ಓಡಿಹೋಗಲು ಸಿದ್ಧನಾದಂತೆ ಸೈನಿಕರಿಗೆ ಕಂಡೀತೆಂಬ ಅಂಜಿಕೆಯೂ ಅವನಿಗಿದ್ದಿರಬಹುದು.

ಬಹುಮಾನದ ಆಸೆಯಿಂದ ಸೈನಿಕರು ಮತ್ತೊಮ್ಮೆ ಮುನ್ನುಗ್ಗಿದರು. ತೋಪಿನ ಅಧಿಕಾರಿ ಚಲಬಿ ರೂಮಿಖಾನನು ತೋಪುಗಳಲ್ಲಿ ತಾಮ್ರದ ನಾಣ್ಯದ ಚೀಲಗಳನ್ನು ತುಂಬಿಸಿ, ಅವರು ತೀರ ಹತ್ತಿರ ಬಂದಾಗ ಹಾರಿಸಿದನು. ಒಂದೆಡೆ ನಾಣ್ಯವು ಆಸೆ ಹುಟ್ಟಿಸುತ್ತಿದ್ದರೆ ಇನ್ನೊಂದೆಡೆ ನಾಣ್ಯವೇ ಕೊಲ್ಲುತ್ತಿತ್ತು. ಸೈನ್ಯವು ಚೆದುರಿತು. ಪಾಲಕಿಗೆ ಮರಳಿದ ರಾಮರಾಯನ ಕಡೆಗೆ ನಿಜಾಮಶಹನ ಆನೆಯೊಂದು ನುಗ್ಗಿತು. ಹೊತ್ತವರು ಪಾಲಕಿಯನ್ನು ಬಿಟ್ಟು ಓಡಿದರು. ಸೆರೆಸಿಕ್ಕಿದ ವೃದ್ಧನ ತಲೆಯನ್ನು ಕಡಿದು ಭರ್ಜಿಯ ತುದಿಗೆ ಏರಿಸಿ ಎಲ್ಲರಿಗೂ ಕಾಣುವಂತೆ ಎತ್ತಿಹಿಡಿದರು.

ನಿರ್ಣಾಯಕವಾದುದು ಮುಂದಿನ ಗಳಿಗೆ. ಒಬ್ಬ ವೃದ್ಧನ ಮರಣದಿಂದ ಒಂದು ಮಹಾಸೈನ್ಯದ ಆಯುಧಗಳೇನೂ ಕಡಿಮೆಯಾಗುವುದಿಲ್ಲ. ಕಡಿಮೆಯಾದುದು ಮನೋಬಲ. ಸೈನ್ಯದ ನಂಬಿಕೆಯು ಸಂಸ್ಥೆಯ ಮೇಲೆ ನಿಂತಿರದೆ ವ್ಯಕ್ತಿಯ ಮೇಲೆ ನಿಂತಿದ್ದರೆ, ಆ ವ್ಯಕ್ತಿ ಬಿದ್ದ ಕ್ಷಣದಲ್ಲಿ ನಂಬಿಕೆಯೂ ಬೀಳುತ್ತದೆ. ತಲೆಯನ್ನು ಎತ್ತಿಹಿಡಿದು ತೋರಿಸಿದವರಿಗೆ ಈ ಸತ್ಯ ಯಾವ ಶಾಸ್ತ್ರವಿಲ್ಲದೆಯೂ ಗೊತ್ತಿತ್ತು.

ಭೀತಿಯು ರಣರಂಗದಲ್ಲಿಯೇ ನಿಲ್ಲಲಿಲ್ಲ. ಸುಮಾರು ನೂರು ಕಿಲೋಮೀಟರು ದೂರದ ರಾಜಧಾನಿಗೆ ಅದು ಸೈನ್ಯಕ್ಕಿಂತ ಬೇಗ ತಲುಪಿತು. 1443ರಲ್ಲಿ ಅಬ್ದುರ್ ರಜಾಕನು ಬೆರಗಾಗಿ ಎಣಿಸಿದ್ದ ಏಳು ಸುತ್ತಿನ ಕೋಟೆಯ ನಗರವದು. ತಿರುಮಲನು ಅಲ್ಲಿ ನಿಂತು ಕಾಯಲಿಲ್ಲ. ಸದಾಶಿವರಾಯನನ್ನೂ, ನೂರಾರು ಆನೆಗಳ ಮೇಲೆ ಹೇರಿದ ಭಂಡಾರವನ್ನೂ ಕರೆದುಕೊಂಡು ಪೆನುಕೊಂಡೆಯ ಕಡೆಗೆ ಹೊರಟನು. ಕಾಯುವವರಿಲ್ಲದ ನಗರವು ಸುಮಾರು ಆರು ತಿಂಗಳ ಕಾಲ ಲೂಟಿಗೆ ಈಡಾಯಿತು. ಎರಡು ವರ್ಷಗಳ ಮೇಲೆ ಫ್ರೆಡರಿಕನು ಬಂದಾಗ ಮನೆಗಳು ಇನ್ನೂ ನಿಂತಿದ್ದವು, ಒಳಗೆ ಜನರಿರಲಿಲ್ಲ. ಹುಲಿ ಮೊದಲಾದ ಕಾಡುಮೃಗಗಳು ಸೇರಿಕೊಂಡಿದ್ದವೆಂದು ಅವನು ಬರೆದಿದ್ದಾನೆ. ತಿರುಮಲನ ನಿರ್ಣಯವನ್ನು ಒಂದೇ ಮಾತಿನಲ್ಲಿ ಹೇಡಿತನವೆನ್ನಲಾಗದು. ಭಂಡಾರವೂ ಮನೆತನವೂ ಉಳಿದುದರಿಂದಲೇ ಅರವೀಡು ವಂಶವು ಪೆನುಕೊಂಡೆಯಲ್ಲಿ, ಮುಂದೆ ಚಂದ್ರಗಿರಿಯಲ್ಲಿ ಹಲವು ದಶಕ ಆಳಿತು. ಆದರೆ ಆ ನಿರ್ಣಯದ ಬೆಲೆಯನ್ನು ತೆತ್ತವರು ನಗರದ ಜನ. ರಾಜ್ಯ ಉಳಿಯಿತು, ಊರು ಹೋಯಿತು.

7. ಗೆದ್ದವರ ಮನಸ್ಸು

ಗೆದ್ದವರ ಮೇಲೂ ಜಯವು ತನ್ನ ಕೆಲಸ ಮಾಡಿತು. ಅವರನ್ನು ಒಂದುಗೂಡಿಸಿದ್ದು ಪರಸ್ಪರ ಪ್ರೀತಿಯಲ್ಲ, ಸಮಾನವಾದ ಭಯ ಮತ್ತು ಸಮಾನವಾದ ಅವಮಾನ. ಅವುಗಳ ಕಾರಣ ಅಳಿದೊಡನೆ ಒಕ್ಕೂಟವೂ ಅಳಿಯಿತು. ಹುಸೇನ ನಿಜಾಮಶಹನು ಅದೇ 1565ರಲ್ಲಿ ತೀರಿಕೊಂಡನು. ಕೆಲವೇ ವರ್ಷಗಳಲ್ಲಿ ವಿಜಾಪುರ ಅಹಮದನಗರಗಳ ಹಳೆಯ ಜಗಳ ಮರುಕಳಿಸಿತು. 1570-71ರಲ್ಲಿ ಪೋರ್ತುಗೀಜರ ಮೇಲೆ ಇಬ್ಬರೂ ಒಟ್ಟಾಗಿ ನಡೆಸಿದ ಗೋವೆ ಮತ್ತು ಚೌಲುಗಳ ಮುತ್ತಿಗೆಗಳು ನಿಷ್ಫಲವಾದವು. ಅಲಿ ಆದಿಲಶಹನ ಕಾಲದಲ್ಲಿ ವಿಜಾಪುರವು ಕೋಟೆಗೋಡೆಯನ್ನೂ ಭವ್ಯವಾದ ಜಾಮಿ ಮಸೀದಿಯನ್ನೂ ಪಡೆಯಿತು. ಅದೋನಿ ಮೊದಲಾದ ಕೋಟೆಗಳು ಕೈವಶವಾದವು. ಆದರೆ ಉತ್ತರದಿಂದ ಮೊಗಲರು ಇಳಿದಾಗ ಅವರನ್ನು ಒಟ್ಟಾಗಿ ಎದುರಿಸುವ ಬಾಳಿಕೆಯ ಒಕ್ಕೂಟ ಕೂಡಿಬರಲಿಲ್ಲ. 1636ರಲ್ಲಿ ಅಹಮದನಗರ, 1686ರಲ್ಲಿ ವಿಜಾಪುರ, 1687ರಲ್ಲಿ ಗೋಲ್ಕೊಂಡೆ, ಒಂದಾದ ಮೇಲೊಂದು ಮುಗಿದವು. ಗೆದ್ದವನು ಸೋತ, ಸೋತವನು ಸತ್ತ ಎಂದು ಕೋರ್ಟುಕಚೇರಿಯ ವ್ಯಾಜ್ಯಗಳನ್ನು ಕುರಿತು ನಮ್ಮವರು ಆಡುವ ಮಾತು ದಕ್ಷಿಣಾಪಥದ ರಾಜ್ಯಗಳಿಗೂ ಸಲ್ಲುತ್ತದೆ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ವ್ಯಕ್ತವಾಗುತ್ತವೆ. ಮೊದಲನೆಯದಾಗಿ, ದೀರ್ಘಕಾಲದ ಯಶಸ್ಸು ರಾಮರಾಯನಿಗೆ ಒಂದು ನಂಬಿಕೆಯನ್ನು ಕಲಿಸಿತು. ಆ ನಂಬಿಕೆಯನ್ನು ಪರೀಕ್ಷಿಸುವ ಅವಕಾಶವನ್ನು ಮಾತ್ರ ಕಲಿಸಲಿಲ್ಲ. ಎರಡನೆಯದಾಗಿ, ಲಾಭದ ಲೆಕ್ಕದಿಂದ ನಡೆಯುವ ಮನುಷ್ಯನು ಅವಮಾನಗೊಂಡಾಗ ಬೇರೆ ಲೆಕ್ಕದಿಂದ ನಡೆಯುತ್ತಾನೆ. ಒಕ್ಕೂಟಕ್ಕೆ ಬಲ ಕೊಟ್ಟುದು ಇದು. ಮೂರನೆಯದಾಗಿ, ಒಬ್ಬ ವ್ಯಕ್ತಿಯ ಪ್ರಭಾವದ ಮೇಲೆ ಕಟ್ಟಿದ ಬಲವು ಆ ವ್ಯಕ್ತಿಯ ಆಯುಸ್ಸಿಗಿಂತ ಹೆಚ್ಚು ಬಾಳುವುದಿಲ್ಲ.

ಧರ್ಮದ ಭಾಷೆ ಅಂದು ಬಳಕೆಯಾಗಲಿಲ್ಲವೆಂದು ನಾವು ಹೇಳುವುದಿಲ್ಲ. ಗೆದ್ದವರ ಆಸ್ಥಾನದ ಬಖರುಗಳಲ್ಲಿ ಅದು ಹೇರಳವಾಗಿದೆ. ಆದರೆ ಧರ್ಮವೇ ಮೂಲಕಾರಣವಾಗಿದ್ದರೆ ಒಕ್ಕೂಟವು 1543ರಲ್ಲಿಯೇ ಏಕೆ ಆಗಲಿಲ್ಲ, 1565ರ ಮೇಲೆ ಏಕೆ ಉಳಿಯಲಿಲ್ಲ, ಆದಿಲಶಹನು ರಾಮರಾಯನ ಮನೆಯಲ್ಲಿ ಮಗನೆನಿಸಿಕೊಂಡದ್ದು ಹೇಗೆ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲ. ಇಂದಿಗೂ ಈ ಯುದ್ಧದ ಹೆಸರು ಹೇಳಿ ನಮ್ಮ ಊರುಗಳಲ್ಲಿ ನೆರೆಹೊರೆಯವರ ಮಧ್ಯೆ ಗೋಡೆ ಎಬ್ಬಿಸುವವರಿಗೆ ಕೊರತೆಯಿಲ್ಲ. ಅವರಿಗೆ ಉತ್ತರ ಕೊಡಬೇಕಾದುದು ಆವೇಶದಿಂದಲ್ಲ, ಆಕರಗಳಿಂದ.

ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ನಮ್ಮದೊಂದು ಸೂಚನೆ. ಈ ಪಾಠವನ್ನು ಹೇಳುವಾಗ ಫಲಿತಾಂಶವನ್ನು ಕೊನೆಗೆ ಹೇಳಿರಿ. 1565ರ ಜನವರಿ 22ರ ಸಂಜೆ ರಾಮರಾಯನಿಗೆ ಏನು ತಿಳಿದಿತ್ತು, ಕುತುಬಶಹನಿಗೆ ಏನು ನೆನಪಾಗಿರಬಹುದು, ಕಡವಿನ ಕಾವಲುಗಾರನಿಗೆ ಏನು ಕಂಡಿತ್ತು ಎಂದು ಮೊದಲು ಕೇಳಿರಿ. ಆಗ ವಿದ್ಯಾರ್ಥಿಗಳು ರಾಮರಾಯನನ್ನು ನಿಂದಿಸುವ ಬದಲು ಅವನ ಸ್ಥಾನದಲ್ಲಿ ತಾವೂ ಹಾಗೆಯೇ ನಿರ್ಣಯಿಸುತ್ತಿದ್ದೆವೇನೋ ಎಂದು ಶಂಕಿಸಲು ತೊಡಗುತ್ತಾರೆ. ಆ ಶಂಕೆ ಅವರಲ್ಲಿ ಹುಟ್ಟಿದ ದಿನ ಪಾಠ ಸಾರ್ಥಕವಾಯಿತೆಂದು ತಿಳಿಯಬಹುದು.